ಜಾವಾ, ಯೆಜ್ಡಿ ಸ್ಟಾರ್ಟ್ ಆಗದಿದ್ದರೆ: ಕರೆಂಟ್ ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಹಳೆ ಜಾವಾನೋ ಯೆಜ್ಡಿನೋ ಎಷ್ಟು ಕಿಕ್ ಹೊಡೆದರೂ ಏಳುತ್ತಿಲ್ಲ ಅಂದರೆ ಹೆಚ್ಚಿನವರು ನೇರ ಸ್ಪೇರ್ ಅಂಗಡಿಗೆ ಹೋಗುತ್ತಾರೆ. ಹೊಸ ಪ್ಲಗ್, ಹೊಸ ಕಂಡೆನ್ಸರ್ (ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಸಿಡಿಯದಂತೆ ತಡೆಯುವ ಭಾಗ), ಹೊಸ ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಭಾಗ) ತಂದು ಮೂರನ್ನೂ ಒಟ್ಟಿಗೆ ಹಾಕುತ್ತಾರೆ. ಗಾಡಿ ಎದ್ದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಏಳದಿದ್ದರೆ ಕಷ್ಟ ಇನ್ನೂ ಜಾಸ್ತಿ, ಯಾಕೆಂದರೆ ಹಳೆ ತೊಂದರೆಯ ಜೊತೆಗೆ ಈಗ ಪರೀಕ್ಷೆಯಾಗದ ಮೂರು ಹೊಸ ಸಾಮಾನು ಸೇರಿಕೊಂಡಿರುತ್ತವೆ.

ಅದಕ್ಕೇ ನನ್ನ ಮಾತು ಒಂದೇ. ಬ್ಯಾಟರಿಯಿಂದ ಪ್ಲಗ್‌ವರೆಗೆ ಕರೆಂಟ್ ಹೋಗುವ ದಾರಿ ಚಿಕ್ಕದು. ಅದು ಎಲ್ಲಿ ನಿಂತಿದೆ ಅಂತ ಮೊದಲು ಹುಡುಕಿ, ಆಮೇಲೆ ಕೈ ಹಾಕಿ. ಬೇಕಾಗುವುದು ಒಂದು ಸಾದಾ ಮಲ್ಟಿಮೀಟರ್, ಎರಡು ವೈರ್ ಬೆಸೆದ 6 ವೋಲ್ಟ್, 3 ವಾಟ್‌ನ ಪುಟ್ಟ ಬಲ್ಬ್, ಒಂದು ಫೀಲರ್ ಗೇಜ್ (ಸಂದಿನ ಅಳತೆ ನೋಡುವ ತೆಳು ಪಟ್ಟಿಗಳು), ಚೆನ್ನಾಗಿದೆ ಅಂತ ಖಾತ್ರಿ ಇರುವ ಒಂದು ಪ್ಲಗ್. ಇಷ್ಟಿದ್ದರೆ ಮನೆ ಅಂಗಳದಲ್ಲೇ ಕೆಲಸ ಮುಗಿಯುತ್ತದೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಈ ಗಾಡಿಗಳು ತಯಾರಾದವು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಹೆಸರು ಬಂತು. ಅಂದರೆ ಕೊನೆಯ ಗಾಡಿಗೂ ಈಗ ಮೂವತ್ತರ ಆಸುಪಾಸು. ಎಂಜಿನ್ ಬಿಚ್ಚಿ ಬೋರ್ ಮಾಡಿಸಿದವರು, ಪೇಂಟ್ ಹೊಡೆಸಿದವರು ಬೇಕಾದಷ್ಟು ಜನ ಇದ್ದಾರೆ. ಒಳಗಿನ ವೈರಿಂಗ್ ಬದಲಾಯಿಸಿದವರು ಕಡಿಮೆ. ಸ್ಟಾರ್ಟ್ ಆಗದ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಂಡಿದ್ದು ಸುಟ್ಟ ಕಾಯಿಲ್ ಅಲ್ಲ. ಹಸಿರುಗಟ್ಟಿದ ಜಾಯಿಂಟ್, ಸಡಿಲವಾದ ಅರ್ತ್ (ಬಾಡಿಯ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸಾಗುವ ಜೋಡಣೆ), ಎಣ್ಣೆ ಹತ್ತಿದ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್). ಇವು ಯಾವುದಕ್ಕೂ ದುಡ್ಡು ಬೇಕಿಲ್ಲ.

ಕೊನೆಕೊನೆಯ ಯೆಜ್ಡಿ ರೋಡ್‌ಕಿಂಗ್‌ಗಳಲ್ಲಿ ಸಿಡಿಐ, ಅಂದರೆ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಇಲ್ಲಿ ಹೇಳುತ್ತಿರುವುದು ಪಾಯಿಂಟ್ ಇರುವ 6 ವೋಲ್ಟ್ ಗಾಡಿಗಳ ಬಗ್ಗೆ ಮಾತ್ರ. ಸಿಡಿಐ ಗಾಡಿಗೆ ಮುಂದೆ ಬರುವ ಬಲ್ಬ್ ಪರೀಕ್ಷೆ ಮಾಡಬೇಡಿ.

ಮೊದಲು ಇದು ಕಿಡಿಯ ತೊಂದರೆ ಹೌದಾ?

ಟ್ಯಾಂಕಿನಲ್ಲಿ ಇರುವುದು ಹೊಸ ಪೆಟ್ರೋಲಾ, ತಿಂಗಳುಗಟ್ಟಲೆ ನಿಂತದ್ದಾ ನೋಡಿ. ಟ್ಯಾಪ್ ತೆರೆದು, ಕಾರ್ಬ್ಯುರೇಟರ್‌ನ ಟಿಕ್ಲರ್ ಗುಂಡಿ ಒತ್ತಿ, ಪೆಟ್ರೋಲ್ ಜಿನುಗಿದ ಮೇಲೆ ಐದಾರು ಕಿಕ್ ಹೊಡೆದು ಪ್ಲಗ್ ಬಿಚ್ಚಿ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಹೋಗುತ್ತಿಲ್ಲ. ಆಗ ಕಾರ್ಬ್ಯುರೇಟರ್ ಕಡೆ ಹೋಗಿ, ಪಾಯಿಂಟ್ ಮುಟ್ಟಬೇಡಿ. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ.

ತುಂಬಾ ಕಿಕ್ ಹೊಡೆದ ಮೇಲೆ ಪೆಟ್ರೋಲ್ ಓವರ್ ಆಗಿರುತ್ತದೆ. ಟ್ಯಾಪ್ ಮುಚ್ಚಿ, ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತಾರು ಕಿಕ್ ಹೊಡೆಯಿರಿ. ಒಳಗಿನ ಪೆಟ್ರೋಲ್ ಆವಿಯಾಗಿ ಹೊರಗೆ ಹೋಗುತ್ತದೆ. ಇದನ್ನು ಮಾಡದೆ ಕಿಡಿ ಸರಿಮಾಡಿದರೂ ಗಾಡಿ ಏಳುವುದಿಲ್ಲ, ನೀವು ಮಾತ್ರ ಸುಮ್ನೆ ಸರಿಯಿರುವುದನ್ನೇ ಮತ್ತೆ ಬಿಚ್ಚುತ್ತೀರಿ.

ಕಿಡಿ ನೋಡುವುದು

ಪ್ಲಗ್‌ನ ತುದಿಯನ್ನು ಬೆಳಕಿಗೆ ಹಿಡಿದು ಗಮನವಿಟ್ಟು ನೋಡಿ. ಟೂ ಸ್ಟ್ರೋಕ್‌ನಲ್ಲಿ ಕೂದಲೆಳೆಯಷ್ಟು ಕಾರ್ಬನ್ ಎರಡು ಎಲೆಕ್ಟ್ರೋಡ್‌ಗಳ ನಡುವೆ ಸೇತುವೆ ಕಟ್ಟಿಬಿಡುತ್ತದೆ. ಅಷ್ಟು ಸಾಕು, ಕಿಡಿ ಹಾರುವ ಬದಲು ಕರೆಂಟ್ ಅದರ ಮೂಲಕ ಜಾರಿಹೋಗುತ್ತದೆ. ವೈರ್ ಬ್ರಶ್‌ನಿಂದ ತಿಕ್ಕಿ, ಗ್ಯಾಪ್ 0.6 ಮಿ.ಮೀ.ಗೆ ಇಡಿ. ಪ್ಲಗ್ ಪದೇ ಪದೇ ಕಪ್ಪಾಗಿ ಎಣ್ಣೆ ಹತ್ತುತ್ತಿದ್ದರೆ ಆಯಿಲ್ ಲೆಕ್ಕ ನೋಡಿಕೊಳ್ಳಿ. ಲೀಟರ್‌ಗೆ 40 ಎಂ.ಎಲ್. ಅಂದರೆ 1:25 ಆಗುತ್ತದೆ, ಕೈಯಳತೆಯಲ್ಲಿ ಸುರಿದರೆ ಅದರ ಎರಡು ಪಟ್ಟು ಹೋಗಿರುತ್ತದೆ.

ಈಗ ಖಾತ್ರಿಯಿರುವ ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ ಹೆಡ್‌ಗೆ ಗಟ್ಟಿಯಾಗಿ ತಾಗುವಂತೆ ಇಡಿ. ಪ್ಲಗ್ ತೂತಿನ ಹತ್ತಿರ ಬೇಡ. ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಅಲ್ಲೇ ಕಿಡಿ ಹಾರಿದರೆ ಬೆಂಕಿ ಹತ್ತಬಹುದು. ತೂತಿಗೆ ಬಟ್ಟೆ ತುರುಕಿ. ಪ್ಲಗ್ ಅರ್ತ್ ಆಗದೆ ಗಾಳಿಯಲ್ಲಿ ನೇತಾಡುತ್ತಿರುವಾಗ ಕಿಕ್ ಹೊಡೆಯಲೇಬಾರದು. ಹೋಗಲು ಜಾಗವಿಲ್ಲದ ವೋಲ್ಟೇಜ್ ಕಾಯಿಲ್‌ನ ಒಳಗಿನ ಇನ್ಸುಲೇಷನ್ ತೂತು ಮಾಡುತ್ತದೆ.

ನೆರಳಿನಲ್ಲಿ ನಿಂತು ಕಿಕ್ ಹೊಡೆಯಿರಿ. ಬಿಸಿಲಿನಲ್ಲಿ ಒಳ್ಳೆ ಕಿಡಿಯೂ ಕಾಣುವುದಿಲ್ಲ. ನೀಲಿ ಬಣ್ಣ, ದಪ್ಪ, ಟಪ್ ಟಪ್ ಅಂತ ಕಿವಿಗೆ ಕೇಳಿಸಿದರೆ ಕಿಡಿ ಚೆನ್ನಾಗಿದೆ. ಹಳದಿ ಕೆಂಪು, ತೆಳ್ಳಗೆ, ಸದ್ದೇ ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಹೊರಗೆ ಹಾರಿದ ಅಂಥ ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರುವುದಿಲ್ಲ.

ಕಿಡಿ ಇಲ್ಲವೆಂದರೆ ಕ್ಯಾಪ್ ತಿರುಗಿಸಿ ತೆಗೆಯಿರಿ. ದಪ್ಪ ವೈರ್‌ನ ತುದಿಯನ್ನು ಇನ್ಸುಲೇಷನ್ ಇರುವ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ಹೆಡ್‌ನ ಫಿನ್‌ನಿಂದ ಐದು ಮಿ.ಮೀ. ದೂರ ಇಟ್ಟು ಇನ್ನೊಂದು ಕಿಕ್. ಈಗ ಕಿಡಿ ಬಂದರೆ ತಪ್ಪು ಕ್ಯಾಪ್‌ನದು. ವೈರ್ ತುದಿಯ ತಾಮ್ರ ಹಸಿರಾಗಿ ಪುಡಿಯಾಗಿದ್ದರೆ ಅರ್ಧ ಇಂಚು ಕತ್ತರಿಸಿ, ಹೊಸ ತುದಿಗೆ ಕ್ಯಾಪ್ ತಿರುಗಿಸಿ. ಮಳೆಗಾಲ ಮುಗಿದ ಮೇಲೆ ಬರುವ ಅದೆಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಆರು ವೋಲ್ಟ್‌ನಲ್ಲಿ ಒಂದು ವೋಲ್ಟ್ ಹೋದರೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಈ ಗಾಡಿಗಳಲ್ಲಿ ಅತಿ ಹೆಚ್ಚು ಸಮಯ ಹಾಳಾಗುವುದು ಇದನ್ನು ಬಿಟ್ಟಿದ್ದಕ್ಕೆ.

ಬ್ಯಾಟರಿಯಿಂದ ಹೊರಟ ಕರೆಂಟ್ ಫ್ಯೂಸ್ ದಾಟಿ, ಹೆಡ್‌ಲೈಟ್ ಡೂಮ್‌ನಲ್ಲಿರುವ ಕೀ ದಾಟಿ, ಕಾಯಿಲ್‌ಗೆ ಬಂದು, ಅಲ್ಲಿಂದ ಪಾಯಿಂಟ್ ಮೂಲಕ ಬಾಡಿಗೆ ಅರ್ತ್ ಆಗುತ್ತದೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ತುಂಬಿಕೊಳ್ಳುತ್ತದೆ. ಪಾಯಿಂಟ್ ತಟ್ಟನೆ ತೆರೆದಾಗ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಮ್ಯಾಗ್ನೆಟ್ ಇರುವ ಗಾಡಿಯ ಹಾಗೆ ಇದು ಬ್ಯಾಟರಿ ಇಲ್ಲದೆ ಕಿಕ್‌ಗೆ ಏಳುವುದಿಲ್ಲ. ಬ್ಯಾಟರಿ ಸತ್ತಿದ್ದರೆ ಕಿಡಿಯೂ ಇಲ್ಲ.

ಕೀ ಆನ್ ಮಾಡಿದಾಗ ಚಾರ್ಜಿಂಗ್‌ನ ಕೆಂಪು ದೀಪ ಹೊಳೆಯಬೇಕು. ಹೊಳೆಯದಿದ್ದರೆ ಬ್ಯಾಟರಿ ಟರ್ಮಿನಲ್, ಫ್ಯೂಸ್, ಕೀ, ಕೊನೆಗೆ ಆ ಬಲ್ಬ್, ಈ ಸಾಲಿನಲ್ಲಿ ನೋಡಿ. ಹೊಳೆದರೂ ಸಮಾಧಾನ ಪಡಬೇಡಿ. ಆ ಪುಟ್ಟ ಬಲ್ಬ್‌ಗೆ ಬೇಕಾದ ಕರೆಂಟ್ ಎಷ್ಟು ಕೊಳಕು ಜಾಯಿಂಟ್‌ನಿಂದಲೂ ಬಂದುಬಿಡುತ್ತದೆ. ಕಾಯಿಲ್ ಕೇಳುವುದು ಮೂರ್ನಾಲ್ಕು ಆಂಪ್.

ಬ್ಯಾಟರಿಗೆ ಮೀಟರ್ ಹಿಡಿಯಿರಿ. ಚೆನ್ನಾಗಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮ್ಮನಿರುವಾಗ 6.3ರ ಮೇಲಿರುತ್ತದೆ. 6ಕ್ಕಿಂತ ಕಡಿಮೆ ಇದ್ದರೆ ಬೇರೆ ಪರೀಕ್ಷೆ ಬೇಡ, ಮೊದಲು ಚಾರ್ಜ್‌ಗೆ ಹಾಕಿ. ಹಾರ್ನ್ ಒತ್ತಿದಾಗ ವೋಲ್ಟ್ ಕುಸಿದು ನಾಲ್ಕಕ್ಕೆ ಬಂದರೆ ಬ್ಯಾಟರಿಯ ಆಯಸ್ಸು ಮುಗಿದಿದೆ.

ಬ್ಯಾಟರಿ ಸರಿ ಅಂತಾದರೆ ಎಂಜಿನ್ ನಿಧಾನವಾಗಿ ತಿರುಗಿಸಿ ಪಾಯಿಂಟ್ ಮುಚ್ಚಿರುವ ಕಡೆ ನಿಲ್ಲಿಸಿ. ಕೀ ಆನ್ ಮಾಡಿ. ಕಾಯಿಲ್‌ಗೆ ಕೀಯಿಂದ ಬರುವ ಟರ್ಮಿನಲ್ ಮೇಲೆ ಸಾಮಾನ್ಯವಾಗಿ 15 ಅಂತ ಬರೆದಿರುತ್ತದೆ, ಪಾಯಿಂಟ್‌ಗೆ ಹೋಗುವ ಟರ್ಮಿನಲ್ ಮೇಲೆ 1. ಈ 15ಕ್ಕೂ ಬಾಡಿಗೂ ನಡುವೆ ಅಳೆಯಿರಿ. ಬ್ಯಾಟರಿಯಲ್ಲಿ 6.2 ಇದ್ದು ಇಲ್ಲಿ 4.7 ಬಂದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರಿತು. 12 ವೋಲ್ಟ್ ಗಾಡಿಯಾದರೆ ಇಷ್ಟು ಹೋದರೂ ಹೇಗೋ ಎದ್ದೀತು. 6 ವೋಲ್ಟ್‌ನಲ್ಲಿ ಅದು ಹತ್ತಿರ ಹತ್ತಿರ ಕಾಲು ಭಾಗ, ಅಲ್ವಾ? ಕಿಡಿ ಹಳದಿಯಾಗುವುದು ಇದಕ್ಕೇ. ಜನ ಕಾಯಿಲ್ ಬದಲಾಯಿಸುವುದೂ ಇದೇ ಹಂತದಲ್ಲಿ.

ಸೋರುವ ಜಾಗ ಹಿಡಿಯುವುದು ಸುಲಭ. ಕೀ ಆನ್, ಪಾಯಿಂಟ್ ಮುಚ್ಚಿದೆ. ಮೀಟರ್‌ನ ಒಂದು ಕಡ್ಡಿಯನ್ನು ವೈರ್‌ನ ಒಂದು ತುದಿಗೆ, ಇನ್ನೊಂದನ್ನು ಅದೇ ವೈರ್‌ನ ಮತ್ತೊಂದು ತುದಿಗೆ ಇಡಿ. ಮೀಟರ್ ತೋರಿಸುವುದು ಆ ತುಂಡಿನಲ್ಲಿ ಕಳೆದುಹೋದ ವೋಲ್ಟ್. ಹೀಗೆ ಫ್ಯೂಸ್‌ನ ಎರಡು ಬದಿ, ಕೀಯ ಎರಡು ಬದಿ, ಕೀಯಿಂದ ಕಾಯಿಲ್‌ವರೆಗಿನ ವೈರ್, ಒಂದೊಂದಾಗಿ ನೋಡುತ್ತಾ ಬನ್ನಿ. 0.1, 0.2 ಬಂದರೆ ಇರಲಿ ಬಿಡಿ. 0.5 ದಾಟಿದ ಜಾಗವೇ ಕಳ್ಳ. ಬ್ಯಾಟರಿಯ ಅರ್ತ್ ವೈರನ್ನು ಮರೆಯಬೇಡಿ. ಬ್ಯಾಟರಿಯ ಅರ್ತ್ ಟರ್ಮಿನಲ್‌ಗೂ ಎಂಜಿನ್ ಮೈಗೂ ನಡುವೆ ಅಳೆದರೆ ಅದರ ಬಣ್ಣವೂ ಬಯಲಾಗುತ್ತದೆ. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಗಾಡಿಗಳಲ್ಲಿ ಅರ್ತ್ ಬೋಲ್ಟ್ ಬಣ್ಣದ ಮೇಲೇ ಕೂತಿರುತ್ತದೆ. ಆ ಜಾಗ ಬರಿಲೋಹ ಕಾಣುವಷ್ಟು ಕೆರೆಯಿರಿ.

ನನ್ನ ಅನುಭವದಲ್ಲಿ ದೊಡ್ಡ ಸೋರಿಕೆ ಕೀಯಲ್ಲೇ. ಮೊಳೆಯಂಥ ಕೀ ಒತ್ತಿದಾಗ ಒಳಗಿನ ಹಿತ್ತಾಳೆ ಪಟ್ಟಿಗಳು ಒಂದಕ್ಕೊಂದು ತಾಗಬೇಕು. ವರ್ಷಗಳ ತೇವದಿಂದ ಅವುಗಳ ಮೇಲೆ ಕಪ್ಪು ಪದರ ಕೂರುತ್ತದೆ, ಸ್ಪ್ರಿಂಗ್ ಒತ್ತಡವೂ ಕುಗ್ಗುತ್ತದೆ. ಅನುಮಾನವಿದ್ದರೆ ಬ್ಯಾಟರಿಯ ಅರ್ತ್ ಅಲ್ಲದ ಟರ್ಮಿನಲ್‌ನಿಂದ ಫ್ಯೂಸ್ ಹಾಕಿದ ಒಂದು ವೈರನ್ನು ನೇರ ಕಾಯಿಲ್‌ನ 15ಕ್ಕೆ ಕೊಟ್ಟು ಕಿಕ್ ಹೊಡೆಯಿರಿ. ಗಾಡಿ ಎದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಎಲ್ಲವೂ ಸರಿ, ತಪ್ಪಿರುವುದು ಕೀ ಅಥವಾ ವೈರಿಂಗ್‌ನಲ್ಲಿ. ನಿಲ್ಲಿಸಲು ಆ ವೈರ್ ತೆಗೆಯಬೇಕು. ಪರೀಕ್ಷೆ ಮುಗಿದ ತಕ್ಷಣ ಬಿಚ್ಚಿಬಿಡಿ. ಎಂಜಿನ್ ನಿಂತು ಪಾಯಿಂಟ್ ಮುಚ್ಚಿದ್ದಾಗ ಕರೆಂಟ್ ಹರಿಯುತ್ತಲೇ ಇದ್ದರೆ ಕಾಯಿಲ್ ಕೈಸುಡುವಷ್ಟು ಕಾಯುತ್ತದೆ, ಬ್ಯಾಟರಿಯೂ ಇಳಿದುಹೋಗುತ್ತದೆ. ಕೀ ಆನ್ ಇಟ್ಟು ಚಹಾ ಕುಡಿಯಲು ಹೋದರೂ ಆಗುವುದು ಇದೇ.

ಬಲಗಡೆ ಕವರ್ ಬಿಚ್ಚಿ

ಎಂಜಿನ್‌ನ ಬಲಗಡೆಯ ಕವರ್ ತೆಗೆದರೆ ಡೈನಮೋ, ಕಾರ್ಬನ್ ಬ್ರಶ್‌ಗಳು, ಪಾಯಿಂಟ್, ಕಂಡೆನ್ಸರ್ ಎಲ್ಲ ಒಂದೇ ಕಡೆ ಕಾಣುತ್ತವೆ. ತೆಗೆದ ತಕ್ಷಣ ಒರೆಸಬೇಡಿ, ಮೊದಲು ನೋಡಿ. ಕಪ್ಪು ಪುಡಿ ಹರಡಿದ್ದರೆ ಅದು ಬ್ರಶ್‌ನ ಕಾರ್ಬನ್. ಎಣ್ಣೆ ಜಿಡ್ಡು ಇದ್ದರೆ ಡೈನಮೋ ಹಿಂದಿನ ಆಯಿಲ್ ಸೀಲ್ ಹೋಗಿದೆ. ಸೀಲ್ ಹಾಕದೆ ಪಾಯಿಂಟ್ ಒರೆಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಈಗ ಬಲ್ಬ್. ಒಂದು ವೈರ್ ಕಾಯಿಲ್‌ನ 1ಕ್ಕೆ, ಇನ್ನೊಂದು ಎಂಜಿನ್ ಮೈಗೆ. ಪ್ಲಗ್ ಬಿಚ್ಚಿ ಅರ್ತ್ ಮಾಡಿಟ್ಟು, ಕೀ ಆನ್ ಮಾಡಿ, ಕಿಕ್ಕರ್ ಅನ್ನು ಕೈಯಲ್ಲೇ ನಿಧಾನವಾಗಿ ಒತ್ತಿ. ಪಾಯಿಂಟ್ ಮುಚ್ಚಿದಾಗ ಬಲ್ಬ್ ಆರಬೇಕು, ತೆರೆದಾಗ ಹೊತ್ತಬೇಕು. ಸರಿಯಿರುವ ಗಾಡಿಯಲ್ಲಿ ಒಂದು ಸುತ್ತಿಗೆ ಒಮ್ಮೆ ಹೊತ್ತಿ ಒಮ್ಮೆ ಆರುತ್ತದೆ, ನಡುವೆ ಮಿಣುಕಾಟ ಇರುವುದಿಲ್ಲ.

ಬಲ್ಬ್ ಆರುವುದೇ ಇಲ್ಲ ಅಂದರೆ ಪಾಯಿಂಟ್ ಒಂದಕ್ಕೊಂದು ತಾಗುತ್ತಿಲ್ಲ. ಮುಖಕ್ಕೆ ಎಣ್ಣೆಯೋ ಕಿಲುಬೋ ಹತ್ತಿದೆ, ಇಲ್ಲವೇ ಆಡುವ ತೋಳು ತನ್ನ ಪಿನ್ ಮೇಲೆ ಬಿಗಿದುಕೊಂಡಿದೆ. ಬಹಳ ದಿನ ನಿಂತ ಗಾಡಿಯಲ್ಲಿ ಇದು ಮಾಮೂಲು. ಬೆರಳಿನಿಂದ ತೋಳನ್ನು ತೆರೆದು ಬಿಡಿ. ಟಕ್ ಅಂತ ವಾಪಸ್ ಬರಬೇಕು. ಸೋಮಾರಿಯಾಗಿ ಬಂದರೆ ತೋಳು ತೆಗೆದು ಪಿನ್ ಒರೆಸಿ, ಒಂದೇ ಒಂದು ಹನಿ ಎಣ್ಣೆ ಬಿಡಿ.

ಬಲ್ಬ್ ಹೊತ್ತುವುದೇ ಇಲ್ಲ ಅಂದರೆ ಎರಡು ಸಾಧ್ಯತೆ. ಕಾಯಿಲ್ ದಾಟಿ ಕರೆಂಟ್ ಬರುತ್ತಿಲ್ಲ, ಅಥವಾ ಬಂದ ಕರೆಂಟ್ ಪಾಯಿಂಟ್ ತೆರೆದಾಗಲೂ ಎಲ್ಲೋ ಅರ್ತ್ ಆಗುತ್ತಿದೆ. 1ರಲ್ಲಿರುವ ಪಾಯಿಂಟ್ ವೈರ್ ಬಿಚ್ಚಿ, ಬಲ್ಬ್ ಮಾತ್ರ ಉಳಿಸಿ. ಆಗಲೂ ಹೊತ್ತದಿದ್ದರೆ ಕಾಯಿಲ್ ಒಳಗೆ ಕಡಿದಿದೆ ಅಥವಾ 15ಕ್ಕೇ ಕರೆಂಟ್ ಇಲ್ಲ. ಹೊತ್ತಿದರೆ ಶಾರ್ಟ್ ಇರುವುದು ಪಾಯಿಂಟ್ ಕಡೆ. ವೈರ್ ಮತ್ತೆ ಸೇರಿಸಿ, ಕಂಡೆನ್ಸರ್‌ನ ವೈರ್ ಬಿಚ್ಚಿ, ಪಾಯಿಂಟ್ ತೆರೆಯಿರಿ. ಬಲ್ಬ್ ಬಂದರೆ ಕಂಡೆನ್ಸರ್ ಒಳಗೇ ಶಾರ್ಟ್. ಆಗಲೂ ಬಾರದಿದ್ದರೆ ಪಾಯಿಂಟ್ ಬೋಲ್ಟ್‌ನ ಫೈಬರ್ ವಾಷರ್ ನೋಡಿ. ಸವೆದು ಹರಿದಿರಬಹುದು, ಯಾರೋ ಬಿಚ್ಚಿದವರು ಹಿಂದುಮುಂದಾಗಿ ಕೂರಿಸಿರಬಹುದು. ಕವರ್ ಅಂಚಿಗೆ ಸಿಕ್ಕಿ ವೈರ್‌ನ ಪ್ಲಾಸ್ಟಿಕ್ ಕಿತ್ತುಹೋಗಿರುವುದೂ ಉಂಟು.

ಪಾಯಿಂಟ್‌ನ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಬೂದು ಬಣ್ಣದ ಸಮತಟ್ಟು ಮೈ ಆರೋಗ್ಯದ ಲಕ್ಷಣ. ಒಂದು ಬದಿಯಲ್ಲಿ ಸಣ್ಣ ಗುಳಿ, ಎದುರು ಬದಿಯಲ್ಲಿ ಅದಕ್ಕೆ ಸರಿಯಾದ ಮೊಡವೆ ಎದ್ದಿದ್ದರೆ ಲೋಹ ಅಲ್ಲಿಂದ ಇಲ್ಲಿಗೆ ಹಾರುತ್ತಿದೆ, ಕಂಡೆನ್ಸರ್ ತನ್ನ ಕೆಲಸ ಮಾಡುತ್ತಿಲ್ಲ. ಇಂಥ ಮುಖದಲ್ಲಿ ಗೇಜ್ ಹಾಕಿ ಅಳೆದರೂ ಸುಳ್ಳು ಲೆಕ್ಕ ಬರುತ್ತದೆ, ಗೇಜ್ ಮೊಡವೆಯ ತುದಿಗೆ ತಾಗುತ್ತದೆ. ಸಣ್ಣ ಪಾಯಿಂಟ್ ಅರದಿಂದ ಮೊಡವೆ ತೆಗೆದು ಸಮ ಮಾಡಿ. ಉಪ್ಪುಕಾಗದ ಬಳಸಿದರೆ ಅದರ ಹರಳು ಮುಖದಲ್ಲಿ ಕಚ್ಚಿಕೊಳ್ಳುತ್ತದೆ. ಯಾವುದೇ ರೀತಿ ಉಜ್ಜಿದರೂ ಕೊನೆಗೆ ಪೆಟ್ರೋಲ್‌ನಲ್ಲಿ ಅದ್ದಿದ ಬಿಳಿ ಕಾಗದದ ಪಟ್ಟಿಯನ್ನು ಪಾಯಿಂಟ್ ನಡುವೆ ಎಳೆಯಿರಿ. ಕಾಗದ ಕಪ್ಪಾಗುವುದು ನಿಲ್ಲುವ ತನಕ ಎಳೆಯಿರಿ, ಆಮೇಲೆ ಒಣ ಕಾಗದ. ಪಾಯಿಂಟ್ ಮುಚ್ಚಿ ಕೀ ಆನ್ ಮಾಡಿ 1ಕ್ಕೂ ಮೈಗೂ ನಡುವೆ ಅಳೆದರೆ 0.2 ವೋಲ್ಟ್‌ಗಿಂತ ಕಡಿಮೆ ಇರಬೇಕು.

ಗ್ಯಾಪ್ 0.4 ಮಿ.ಮೀ. ಕ್ಯಾಮ್ (ತಿರುಗುತ್ತಾ ತೋಳನ್ನು ಎತ್ತುವ ಉಬ್ಬು) ತೋಳನ್ನು ಪೂರ್ತಿ ಎತ್ತಿದ ಜಾಗದಲ್ಲೇ ಅಳೆಯಬೇಕು. ಗೇಜ್ ಸ್ವಲ್ಪ ಹಿಡಿದು ಜಾರಬೇಕು, ಸ್ಪ್ರಿಂಗ್ ಅನ್ನು ತಳ್ಳಬಾರದು. ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಅದು ಜರುಗುತ್ತದೆ. ತೋಳಿನ ಫೈಬರ್ ಹಿಮ್ಮಡಿ ಓಡುತ್ತಾ ಸವೆಯುವುದರಿಂದ ಗ್ಯಾಪ್ ತಾನಾಗೇ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬೀಳುತ್ತದೆ. ಕ್ಯಾಮ್ ಉಜ್ಜುವ ಫೆಲ್ಟ್‌ಗೆ ಚೂರು ಗ್ರೀಸ್ ಹಚ್ಚಿದರೆ ಸವೆತ ನಿಧಾನವಾಗುತ್ತದೆ. ಜಾಸ್ತಿ ಹಚ್ಚಿದರೆ ಅದೇ ಗ್ರೀಸ್ ಪಾಯಿಂಟ್‌ಗೆ ಸಿಡಿಯುತ್ತದೆ.

ಕಂಡೆನ್ಸರ್ ಮತ್ತು ಕಾಯಿಲ್

ಸಂಜೆಗತ್ತಲಲ್ಲಿ ಕವರ್ ತೆಗೆದಿಟ್ಟು ಕಿಕ್ ಹೊಡೆದು ಪಾಯಿಂಟ್ ನೋಡಿ. ಸೂಜಿಮೊನೆಯಷ್ಟು ಕಿಡಿ ಸಹಜ. ಬಿಳಿನೀಲಿ ಕಿಡಿ ಚಟಚಟ ಅಂತ ಸಿಡಿದರೆ ಕಂಡೆನ್ಸರ್ ಹೋಗಿದೆ. ಖಾತ್ರಿ ಮಾಡಿಕೊಳ್ಳಲು ಹಳೆಯದರ ವೈರ್ ಬಿಚ್ಚಿ, ಸರಿಯಿರುವ ಇನ್ನೊಂದನ್ನು ಹೊರಗಿನಿಂದಲೇ 1ಕ್ಕೂ ಮೈಗೂ ಸೇರಿಸಿ. ಅಳತೆ 0.2 ಮೈಕ್ರೋಫ್ಯಾರಡ್ ಸುತ್ತಮುತ್ತ ಇದ್ದರಾಯಿತು, ಪಾಯಿಂಟ್ ಇರುವ ಹಳೆ ಕಾರಿನದ್ದಾದರೂ ನಡೆಯುತ್ತದೆ. ಮೂಲ ಜಾಗ ಎಂಜಿನ್ ಬಿಸಿಯ ಪಕ್ಕದಲ್ಲೇ ಇರುವುದರಿಂದ ಕೆಲವರು ಅದನ್ನು ಕಾಯಂ ಆಗಿ ಕಾಯಿಲ್ ಬಳಿಗೆ ಸಾಗಿಸುತ್ತಾರೆ. ಮೈ ಚೆನ್ನಾಗಿ ಅರ್ತ್ ಆಗಿದ್ದರೆ ಇದು ಒಳ್ಳೆ ಬದಲಾವಣೆ, ನಾನೂ ಅದನ್ನೇ ಹೇಳುತ್ತೇನೆ. ಹೊಸ ಕಂಡೆನ್ಸರ್ ಅಂದ ಮಾತ್ರಕ್ಕೆ ಸರಿಯಿದೆ ಅಂತ ನಂಬಬೇಡಿ. ಚೆನ್ನಾಗಿ ಓಡುತ್ತಿದ್ದ ಹಳೆಯದು ಸಿಕ್ಕರೆ ಎಸೆಯದೆ ಟೂಲ್ ಬಾಕ್ಸ್‌ನಲ್ಲಿಡಿ.

ಕಾಯಿಲ್ ಕೊನೆಯದು. 15ಕ್ಕೂ 1ಕ್ಕೂ ನಡುವೆ 6 ವೋಲ್ಟ್ ಕಾಯಿಲ್ ಒಂದೆರಡು ಓಮ್ ತೋರಿಸುತ್ತದೆ. ಮೂರ್ನಾಲ್ಕು ಓಮ್ ಬಂದರೆ ಯಾರೋ 12 ವೋಲ್ಟ್ ಕಾಯಿಲ್ ಹಾಕಿದ್ದಾರೆ. ಅದರಲ್ಲಿ ಕಿಡಿ ಬರುತ್ತದೆ, ಆದರೆ ಬಡಕಲು ಕಿಡಿ. ದಪ್ಪ ವೈರ್ ಕಡೆಗೆ ಅಳೆದರೆ ಕೆಲವು ಸಾವಿರ ಓಮ್ ಇರಬೇಕು. ಅಲ್ಲಿ ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ಓಮ್ ಸರಿಯಿದ್ದೂ ಬಿಸಿಯಾದ ಮೇಲೆ ಕೈಕೊಡುವ ಕಾಯಿಲ್‌ಗಳಿವೆ. ಅವು ತಣ್ಣಗಿದ್ದಾಗ ಎಲ್ಲ ಪರೀಕ್ಷೆಯಲ್ಲೂ ಪಾಸ್ ಆಗುತ್ತವೆ, ಗಾಡಿ ನಿಂತ ಕ್ಷಣದಲ್ಲೇ ಕಿಡಿ ನೋಡಬೇಕು.

ಕಿಡಿ ಚೆನ್ನಾಗಿದೆ, ಗಾಡಿ ಮಾತ್ರ ಏಳುತ್ತಿಲ್ಲ

ಆಗ ಟೈಮಿಂಗ್. ಕಿಕ್ಕರ್ ಕಾಲಿಗೆ ತಿರುಗಿ ಹೊಡೆದರೆ ಟೈಮಿಂಗ್ ಮುಂದಿದೆ. ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆದರೆ ಹಿಂದೆ ಬಿದ್ದಿದೆ, ಅಥವಾ ಪಾಯಿಂಟ್ ಕೂತಿರುವ ಪ್ಲೇಟಿನ ಸ್ಕ್ರೂ ಸಡಿಲವಾಗಿ ಎಲ್ಲೆಲ್ಲೋ ಸುತ್ತುತ್ತಿದೆ. ಗ್ಯಾಪ್ ಸರಿಮಾಡದೆ ಟೈಮಿಂಗ್ ಮುಟ್ಟಬೇಡಿ, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಅಥವಾ ವರ್ನಿಯರ್‌ನ ಆಳದ ಕಡ್ಡಿ ಇಳಿಸಿ ಪಿಸ್ಟನ್‌ನ ತುತ್ತತುದಿ ಹಿಡಿಯಿರಿ. ಅಲ್ಲಿಂದ ಹಿಂದಕ್ಕೆ ತಿರುಗಿಸಿ, ಮತ್ತೆ ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನವಾಗಿ ತನ್ನಿ. ನಿಮ್ಮ ಮಾಡೆಲ್‌ನ ಕೈಪಿಡಿ ತುದಿಗೆ ಇಷ್ಟು ಮಿ.ಮೀ. ಮುಂಚೆ ಅಂತ ಹೇಳಿರುತ್ತದೆ. ಸರಿಯಾಗಿ ಆ ಜಾಗದಲ್ಲಿ ಬಲ್ಬ್ ಹೊತ್ತಬೇಕು. ಬೇರೆ ಬೇರೆ ಮಾಡೆಲ್‌ಗೆ ಬೇರೆ ಬೇರೆ ಅಳತೆ, ಪಕ್ಕದ ಮನೆ ಗಾಡಿಯದ್ದನ್ನು ತಂದು ಹಾಕಬೇಡಿ.

ಇನ್ನೊಂದು ಮೋಸ ಇದೆ. ಬೆಳಗ್ಗೆ ಒಂದೇ ಕಿಕ್‌ಗೆ ಏಳುವ ಗಾಡಿ, ರಾತ್ರಿ ಲೈಟ್ ಹಾಕಿಕೊಂಡು ಹತ್ತಾರು ಕಿಲೋಮೀಟರ್ ಓಡಿದ ಮೇಲೆ ನಿಂತುಬಿಡುತ್ತದೆ, ಮರುದಿನ ಬ್ಯಾಟರಿ ಚಾರ್ಜ್ ಮಾಡಿದರೆ ಮತ್ತೆ ಸರಿ. ಇದರಲ್ಲಿ ಕಾಯಿಲ್‌ನ ತಪ್ಪಿಲ್ಲ. ಡೈನಮೋ ಚಾರ್ಜ್ ಮಾಡುತ್ತಿಲ್ಲ, ಬ್ಯಾಟರಿಯಲ್ಲಿದ್ದದ್ದನ್ನೇ ಗಾಡಿ ಖರ್ಚು ಮಾಡಿಕೊಂಡು ಬಂದಿದೆ. ಎಂಜಿನ್ ಸ್ವಲ್ಪ ಏರಿಸಿದಾಗ ಕೆಂಪು ದೀಪ ಆರುತ್ತದಾ ನೋಡಿ. ಆರದಿದ್ದರೆ ಮೊದಲು ಬ್ರಶ್‌ಗಳ ಉದ್ದ, ಅವು ತಮ್ಮ ಗೂಡಿನಲ್ಲಿ ಸಲೀಸಾಗಿ ಜಾರುತ್ತವೆಯಾ, ಕಮ್ಯುಟೇಟರ್ (ಬ್ರಶ್ ಉಜ್ಜುವ ತಾಮ್ರದ ಸುತ್ತು) ಮೇಲೆ ಎಣ್ಣೆ ಇದೆಯಾ ಅಂತ ನೋಡಿ. ಕಮ್ಯುಟೇಟರನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳಲ್ಲಿ ಕೂತ ಕಾರ್ಬನ್ ಅನ್ನು ಮರದ ಕಡ್ಡಿಯಿಂದ ಕೆದಕಿ ತೆಗೆಯಿರಿ. ಇಷ್ಟಾದರೂ ದೀಪ ಆರದಿದ್ದರೆ ಚಾರ್ಜಿಂಗ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕಡೆ ತಿರುಗಿ.